ಕೀಂ ಅನ್ನೋ ಗೇಟು, ತೆರೆದ ಡಿಕ್ಕಿ: 26/11 ನಮ್ಮ ದಿನಚರಿಯೊಳಗೆ ಬಂದು ಕೂತ ಕತೆ

ಬೆಳಗ್ಗೆ ಒಂಬತ್ತೂವರೆ. ಆಫೀಸಿನ ಗೇಟು. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ಒಂದು ಕೈಲಿ ಊಟದ ಡಬ್ಬಿ. ಲೋಹಶೋಧಕದ ಚೌಕಟ್ಟಿನೊಳಗೆ ಕಾಲಿಟ್ಟ ತಕ್ಷಣ 'ಕೀಂ'. ನನ್ನ ಹಿಂದೆ ಬಂದವರಿಗೂ ಕೀಂ. ಅವರ ಹಿಂದಿನವರಿಗೂ ಕೀಂ. ಯಾರೂ ನಿಲ್ಲಲ್ಲ, ಯಾರೂ ನಿಲ್ಲಿಸಲ್ಲ.

ಒಂದಿನ ಕೆಲಸಕ್ಕೆ ಬೇಗ ಬಂದಿದ್ದೆ. ಗೇಟಿನಲ್ಲಿ ನಿಂತಿದ್ದ ಸೆಕ್ಯೂರಿಟಿ ಅಣ್ಣನನ್ನು ಕೇಳಿಯೇ ಬಿಟ್ಟೆ. "ಅಣ್ಣಾ, ಇದು ಎಲ್ರಿಗೂ ಹೊಡ್ಕೊಳ್ಳುತ್ತಲ್ಲ, ನಿಮಗೆ ಯಾರು ಅಪಾಯ ಅಂತ ಹೆಂಗೆ ಗೊತ್ತಾಗುತ್ತೆ?"

ಯಾದಗಿರಿ ಕಡೆಯವರು. ನಕ್ಕರು. "ಮೇಡಂರೀ, ಹೊಡೀಲಿಲ್ಲಂದ್ರ ಆವಾಗ ನೋಡ್ತೀನ್ರಿ, ಮಷೀನ್ ಕೆಟ್ಟೈತೇನಂತ."

ನಾನೂ ನಕ್ಕೆ. ಲಿಫ್ಟ್ ಹತ್ತಿದ ಮೇಲೆ ಆ ಮಾತು ತಲೆಯಲ್ಲೇ ಉಳೀತು. ಈ ಗೇಟು, ಈ ಕೀಂ, ಮಾಲ್‌ನಲ್ಲಿ ಕಾರಿನ ಡಿಕ್ಕಿ ತೆಗೆದು ಮುಚ್ಚೋದು, ಹೋಟೆಲ್ ರೂಮಿಗೆ ಆಧಾರ್ ಕೊಡೋದು, ಮೆಟ್ರೋದಲ್ಲಿ ಹೆಂಗಸರಿಗೆ ಅಂತ ಪರದೆ ಕಟ್ಟಿದ ಪುಟ್ಟ ಗೂಡು. ಇದೆಲ್ಲ ಮೊದಲಿಂದಲೂ ಹೀಗೇ ಇತ್ತು ಅಂತಲೇ ನಮ್ಮ ಟೀಮಿನ ಹೊಸ ಹುಡುಗರು ಅಂದ್ಕೊಂಡಿದ್ದಾರೆ. ಅವರಲ್ಲಿ ಕೆಲವರು 2008ರಲ್ಲಿ ಒಂದನೇ ಕ್ಲಾಸು, ಎರಡನೇ ಕ್ಲಾಸು.

ನಾನು ಆಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ.

ಆ ಬುಧವಾರ ರಾತ್ರಿ

2008ರ ನವೆಂಬರ್ 26. ಅವತ್ತು ಕಟಕ್‌ನಲ್ಲಿ ಭಾರತ-ಇಂಗ್ಲೆಂಡ್ ಒನ್ ಡೇ ಇತ್ತು, ಗೆದ್ದಿದ್ವಿ. ಹಾಸ್ಟೆಲಿನ ಟಿವಿ ರೂಮಿನಲ್ಲಿ ಇನ್ನೂ ಗಲಾಟೆ ಇತ್ತು. ಯಾರೋ ಚಾನೆಲ್ ಬದಲಾಯಿಸಿದರು. ಮುಂಬೈಯಲ್ಲಿ ಗುಂಡು ಹಾರಾಟ ಅಂತ ಕೆಳಗೆ ಪಟ್ಟಿ ಓಡ್ತಾ ಇತ್ತು. ಮೊದಲಿಗೆ ಎಲ್ಲರೂ ಅಂದ್ಕೊಂಡಿದ್ದು ಗ್ಯಾಂಗ್‌ವಾರ್ ಅಂತ. ಹತ್ತೂವರೆ ಹೊತ್ತಿಗೆ ಯಾರಿಗೂ ಮಾತು ಬರ್ತಿರಲಿಲ್ಲ.

ಹತ್ತು ಜನ. ಕರಾಚಿಯಿಂದ ಸಮುದ್ರದ ಮೇಲೆ ಬಂದವರು. ದಾರಿಯಲ್ಲಿ 'ಕುಬೇರ' ಅನ್ನೋ ಭಾರತದ ಮೀನುಗಾರಿಕೆ ಬೋಟನ್ನು ವಶ ಮಾಡಿಕೊಂಡು, ಅದರಲ್ಲಿದ್ದವರನ್ನು ಕೊಂದು, ಅದೇ ಬೋಟಿನಲ್ಲಿ ಮುಂಬೈ ಹತ್ತಿರ ಬಂದು, ಅಲ್ಲಿಂದ ರಬ್ಬರ್ ದೋಣಿಯಲ್ಲಿ ಕೊಲಾಬಾ ಕಡೆಯ ಮೀನುಗಾರರ ಕೇರಿಯ ದಡಕ್ಕೆ ಇಳಿದರು. ಅಲ್ಲಿಂದ ಇಬ್ಬಿಬ್ಬರಾಗಿ ಚದುರಿದರು. ಛತ್ರಪತಿ ಶಿವಾಜಿ ಟರ್ಮಿನಸ್ ರೈಲು ನಿಲ್ದಾಣ, ಲಿಯೋಪೋಲ್ಡ್ ಕೆಫೆ, ತಾಜ್, ಒಬೆರಾಯ್-ಟ್ರೈಡೆಂಟ್, ನಾರಿಮನ್ ಹೌಸ್. ಕಾಮಾ ಆಸ್ಪತ್ರೆಯನ್ನೂ ಬಿಡಲಿಲ್ಲ. ಮುಗಿಯುವ ಹೊತ್ತಿಗೆ ಶನಿವಾರ ಬೆಳಗಾಗಿತ್ತು. ಸುಮಾರು 60 ಗಂಟೆ. ಸತ್ತವರು 166 ಮಂದಿ.

ಟಿವಿಯಲ್ಲಿ ಹೆಚ್ಚು ಹೊತ್ತು ಕಂಡದ್ದು ತಾಜ್‌ನ ಗುಮ್ಮಟದ ಹೊಗೆ. ಆದರೆ ಹೆಚ್ಚು ಜನ ಸತ್ತದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಮೂಟೆ, ಟ್ರಂಕು ಇಟ್ಕೊಂಡು ಊರಿನ ರೈಲಿಗೆ ಕಾಯ್ತಾ ನೆಲದ ಮೇಲೆ ಕೂತಿದ್ದವರು. ಐವತ್ತಕ್ಕೂ ಹೆಚ್ಚು ಮಂದಿ ಕೆಲವೇ ನಿಮಿಷಗಳಲ್ಲಿ ಹೋದರು. ಅಲ್ಲಿದ್ದ ರೈಲ್ವೆ ಪೊಲೀಸರ ಕೈಲಿದ್ದದ್ದು ಹಳೇ ಕಾಲದ ರೈಫಲ್ಲು, ಇಲ್ಲವೇ ಬರೀ ಲಾಠಿ. ಮೇಲಿನ ಕ್ಯಾಬಿನ್ನಿನಲ್ಲಿ ಕೂತು ರೈಲಿನ ಅನೌನ್ಸ್‌ಮೆಂಟ್ ಮಾಡ್ತಿದ್ದ ನೌಕರರೊಬ್ಬರು, ಕೆಳಗೆ ನಡೀತಿರೋದನ್ನ ನೋಡಿ, ಆ ಕಡೆ ಬರಬೇಡಿ, ಹಿಂದಿನ ಗೇಟಿನಿಂದ ಹೊರಗೆ ಹೋಗಿ ಅಂತ ಮೈಕಿನಲ್ಲಿ ಹೇಳ್ತಲೇ ಇದ್ದರು. ಎಷ್ಟು ಜೀವ ಉಳೀತೋ ಲೆಕ್ಕ ಇಟ್ಟವರಿಲ್ಲ. ಗಿರ್ಗಾಂವ್ ಚೌಪಾಟಿಯಲ್ಲಿ ಎಎಸ್‌ಐ ತುಕಾರಾಮ್ ಓಂಬ್ಳೆ ಕಸಬ್‌ನ ಎಕೆ-47 ನಳಿಕೆಯನ್ನು ಬರಿಗೈಯಲ್ಲಿ ಹಿಡಿದದ್ದು ನಿಮಗೆಲ್ಲ ಗೊತ್ತು. ಹತ್ತು ಜನರಲ್ಲಿ ಒಬ್ಬ ಜೀವಂತ ಸಿಕ್ಕಿದ್ದು ಹಾಗೆ.

ನಮ್ಮ ಬೆಂಗಳೂರಿಗೆ ಆ ಸುದ್ದಿ ಇನ್ನೊಂದು ದಾರಿಯಲ್ಲಿ ಬಂತು. ತಾಜ್ ಒಳಗೆ ಹೋದ ಎನ್‌ಎಸ್‌ಜಿಯ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಓದಿ ಬೆಳೆದ ಹುಡುಗ. ಇವತ್ತು ಯಲಹಂಕದಲ್ಲಿ ಅವರ ಹೆಸರಿನ ರಸ್ತೆ ಇದೆ. ನಮ್ಮ ಕ್ಯಾಬುಗಳ ಮ್ಯಾಪಿನಲ್ಲಿ ದಿನಾ ಬರುವ ಹೆಸರು. ಎಷ್ಟೋ ಜನಕ್ಕೆ ಅದು ಬರೀ ಪಿಕಪ್ ಪಾಯಿಂಟು.

ದೆಹಲಿ ಏನೇನು ಬದಲಾಯಿಸಿತು

ದಾಳಿ ಮುಗಿದ ಮರುದಿನವೇ ಗೃಹಸಚಿವ ಶಿವರಾಜ್ ಪಾಟೀಲ್ ರಾಜೀನಾಮೆ ಕೊಟ್ಟರು. ಮಹಾರಾಷ್ಟ್ರದ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಕೂಡ ಹೋದರು. ಕುರ್ಚಿಯ ಮಾತು ಬಿಡಿ. ನಿಜವಾದ ಬದಲಾವಣೆ ಬಂದದ್ದು ಜನರಿಗೆ ಅಷ್ಟಾಗಿ ಕಾಣದ ಜಾಗದಲ್ಲಿ.

ಆ ರಾತ್ರಿ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಮೊದಲು ಬಂದರೂ, ಕಟ್ಟಡದೊಳಗೆ ಕೋಣೆ ಕೋಣೆ ಹುಡುಕಿ ತೆರವು ಮಾಡಬಲ್ಲ ಎನ್‌ಎಸ್‌ಜಿ ಇದ್ದದ್ದು ಹರಿಯಾಣದ ಮಾನೇಸರ್‌ನಲ್ಲಿ ಮಾತ್ರ. ಅವರನ್ನು ಹೊತ್ತು ತರುವಷ್ಟು ದೊಡ್ಡ ವಿಮಾನ ಚಂಡೀಗಢದಲ್ಲಿ. ವಿಮಾನ ದೆಹಲಿಗೆ ಬಂದು, ಕಮಾಂಡೊಗಳು ಹತ್ತಿ, ಮುಂಬೈಯಲ್ಲಿಳಿದು, ಅಲ್ಲಿ ಬಸ್ಸು ಹಿಡಿದು ದಕ್ಷಿಣ ಮುಂಬೈ ಮುಟ್ಟೋ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ಗಂಟೆ ಕಳೆದಿತ್ತು. ಈಗ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲಿ ಎನ್‌ಎಸ್‌ಜಿ ನೆಲೆಗಳಿವೆ. ಬೆಂಗಳೂರಿಗೆ ಹೆಚ್ಚು ಹತ್ತಿರದ್ದು ಚೆನ್ನೈ.

ರಾಜ್ಯಗಳ ಗಡಿ ದಾಟುವ ಭಯೋತ್ಪಾದನೆ ಪ್ರಕರಣಗಳ ತನಿಖೆಗೆ ಒಂದೇ ಕೇಂದ್ರ ಸಂಸ್ಥೆ ಬೇಕು ಅಂತ ಎಷ್ಟೋ ವರ್ಷ ಚರ್ಚೆ ನಡೆದಿತ್ತು. ರಾಜ್ಯಗಳು ಒಪ್ಪುತ್ತಿರಲಿಲ್ಲ. ದಾಳಿಯ ನಂತರ ಆ ವರ್ಷ ಮುಗಿಯುವಷ್ಟರಲ್ಲಿ ಎನ್‌ಐಎ ಕಾಯ್ದೆ ಬಂದೇ ಬಿಟ್ಟಿತು. ಅದರ ಜೊತೆಗೇ ಯುಎಪಿಎ ಕಾಯ್ದೆಯನ್ನೂ ಬಿಗಿ ಮಾಡಿದರು. ಆರೋಪಪಟ್ಟಿ ಹಾಕದೆ 180 ದಿನದವರೆಗೂ ಬಂಧನದಲ್ಲಿಡಬಹುದು, ಮೇಲ್ನೋಟಕ್ಕೆ ಆರೋಪ ನಿಜವೆನ್ನಿಸಿದರೆ ಜಾಮೀನು ಇಲ್ಲ. ಭಯದಲ್ಲಿದ್ದ ದೇಶ ಇದರ ಬಗ್ಗೆ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಆಮೇಲೆ ವರ್ಷಗಟ್ಟಲೆ ವಿಚಾರಣೆಯೇ ಮುಗಿಯದೆ ಜೈಲಲ್ಲಿ ಉಳಿದವರ ಕತೆಗಳು ಬಂದವು. ವಿಚಾರಣೆ ವಿಪರೀತ ತಡವಾದರೆ ಅದೇ ಜಾಮೀನಿಗೆ ಕಾರಣವಾಗಬಹುದು ಅಂತ ಸುಪ್ರೀಂ ಕೋರ್ಟ್ ಕೆ.ಎ. ನಜೀಬ್ ಪ್ರಕರಣದಲ್ಲಿ ಹೇಳಿದ್ದು 2021ರಲ್ಲಿ. ಎನ್‌ಐಎ ಬೇಕಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವಸರದಲ್ಲಿ ಹಾಕಿದ ಬೀಗ ತೆಗೆಯೋಕೆ ಕೋರ್ಟೇ ಬೇಕಾಯ್ತು.

ಇನ್ನು ಕೆಲವು ಕೆಲಸ ಎಷ್ಟು ನಿಧಾನ ಅಂದ್ರೆ, ಮುಂಬೈ ನಗರಕ್ಕೆ ಸುಮಾರು 5 ಸಾವಿರ ಕಣ್ಗಾವಲು ಕ್ಯಾಮೆರಾಗಳ ಜಾಲ ಬಂದದ್ದು 2016ರಲ್ಲಿ. ಎಂಟು ವರ್ಷ. ಕಸಬ್‌ಗೆ ಗಲ್ಲು ಆಗಿದ್ದೇ 2012ರ ನವೆಂಬರ್ 21ಕ್ಕೆ. ದಾಳಿಯ ಸಂಚಿನ ಇನ್ನೊಬ್ಬ ಆರೋಪಿ ತಹವ್ವೂರ್ ರಾಣಾನನ್ನು ಅಮೆರಿಕ ನಮಗೆ ಒಪ್ಪಿಸಿದ್ದು 2025ರ ಏಪ್ರಿಲ್‌ನಲ್ಲಿ.

ಟಿವಿ ವಿಷಯ ಮಾತ್ರ ಇಲ್ಲಿ ಹೇಳಲೇಬೇಕು. ಯಾಕಂದ್ರೆ ನಾವೆಲ್ಲ ಅದರಲ್ಲಿ ಪಾಲುದಾರರು. ಕಮಾಂಡೊಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ನಾರಿಮನ್ ಹೌಸ್ ಮೇಲೆ ಇಳಿಯೋದನ್ನ ನಾವು ಹಾಸ್ಟೆಲಿನಲ್ಲಿ ಉಸಿರು ಬಿಗಿಹಿಡಿದು ನೋಡಿದ್ವಿ. ಪಾಕಿಸ್ತಾನದಲ್ಲಿ ಕೂತು ಫೋನಿನಲ್ಲಿ ದಾಳಿ ನಡೆಸ್ತಿದ್ದವರೂ ಅದನ್ನೇ ನೋಡ್ತಿದ್ದರು. ನೋಡಿ ಒಳಗಿದ್ದವರಿಗೆ ಹೇಳ್ತಿದ್ದರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳಿಗೆ ಚೆನ್ನಾಗಿಯೇ ಹೇಳಿತು. 2015ರಲ್ಲಿ ನಿಯಮ ಬಂತು: ಉಗ್ರರ ವಿರುದ್ಧ ಕಾರ್ಯಾಚರಣೆ ನಡೀವಾಗ ಲೈವ್ ತೋರಿಸುವಂತಿಲ್ಲ, ನೇಮಿಸಿದ ಅಧಿಕಾರಿ ಆಗಾಗ ಕೊಡುವ ವಿವರ ಮಾತ್ರ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನೇ ಮತ್ತೆ ನೆನಪಿಸಿತು, ಸಾಮಾಜಿಕ ಜಾಲತಾಣದಲ್ಲಿ ಹಾಕುವವರಿಗೂ ಸೇರಿಸಿ. ಈಗ ಪ್ರತಿ ಕಿಟಕಿಯಲ್ಲೂ ಒಂದು ಕ್ಯಾಮೆರಾ ಇದೆ ನೋಡಿ. ನಿಮ್ಮ ಕಿಟಕಿಯಲ್ಲೂ.

ಜೇಬಿನಲ್ಲಿದ್ದ ಚೈನಾ ಸೆಟ್ಟು

ನಿಮ್ಮಲ್ಲಿ ಯಾರಿಗಾದ್ರೂ 'ಚೈನಾ ಸೆಟ್' ನೆನಪಿದೆಯಾ? ಎರಡು ಸಿಮ್, ಊರಿಗೆಲ್ಲ ಕೇಳುವಂಥ ಸ್ಪೀಕರ್ರು, ಕೆಲವದಕ್ಕೆ ಟಿವಿ ನೋಡೋಕೆ ಉದ್ದದ ಏರಿಯಲ್ಲು. ನಮ್ಮ ಹಾಸ್ಟೆಲಿನ ಅರ್ಧ ಜನರ ಹತ್ರ ಅದೇ ಇತ್ತು. ಅವುಗಳಲ್ಲಿ ಬಹಳಷ್ಟಕ್ಕೆ ಐಎಂಇಐ ಸಂಖ್ಯೆ ಇರಲಿಲ್ಲ, ಇದ್ದರೂ ಎಲ್ಲಕ್ಕೂ ಒಂದೇ. ಫೋನಿನ ಜಾಡು ಹಿಡಿಯಬೇಕಾದ ಪೊಲೀಸರಿಗೆ ಅದು ಹೆಸರಿಲ್ಲದ ಮನುಷ್ಯನ ಹಾಗೆ.

2009ರ ನವೆಂಬರ್ ಕೊನೆಗೆ ಸರ್ಕಾರ ಕಟ್ ಆಫ್ ಹಾಕಿತು. ಸರಿಯಾದ ಐಎಂಇಐ ಇಲ್ಲದ ಫೋನಿಗೆ ನೆಟ್‌ವರ್ಕ್ ಬಂದ್. ನನ್ನ ರೂಮ್‌ಮೇಟ್ ಡಿಸೆಂಬರ್ ಮೊದಲ ವಾರ ಕಾಯಿನ್ ಬೂತ್ ಹುಡುಕ್ಕೊಂಡು ಓಡಾಡಿದ್ದಳು. ಮೊಬೈಲ್ ಅಂಗಡಿಗಳಲ್ಲಿ ಹಣ ಕೊಟ್ಟು ಸಂಖ್ಯೆ ಹಾಕಿಸ್ಕೊಳ್ಳೋ ವ್ಯವಸ್ಥೆಯೂ ಕೆಲವು ಕಾಲ ನಡೀತು. ಸಿಮ್ಮಿಗೆ ಗುರುತಿನ ದಾಖಲೆ ಪರಿಶೀಲನೆ ಬಿಗಿಯಾಯ್ತು. ಸೈಬರ್ ಕೆಫೆಗಳಿಗೆ 2011ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ಬಂತು, ಗುರುತು ತೋರಿಸಿ, ಪುಸ್ತಕದಲ್ಲಿ ಬರೆದು ಕೂರಬೇಕು.

ಡೇವಿಡ್ ಹೆಡ್ಲಿ ಅನ್ನೋ ಅಮೆರಿಕದ ಪಾಸ್‌ಪೋರ್ಟಿನವನು ಪ್ರವಾಸಿ, ವ್ಯಾಪಾರಿ ಅನ್ನೋ ವೇಷದಲ್ಲಿ ಮತ್ತೆ ಮತ್ತೆ ಬಂದು ಮುಂಬೈಯ ಜಾಗಗಳನ್ನೆಲ್ಲ ವಿಡಿಯೊ ಮಾಡಿಕೊಂಡು ಹೋಗಿದ್ದ. ಅದು ಬಯಲಾದ ಮೇಲೆ ಪ್ರವಾಸಿ ವೀಸಾದವರು ಒಮ್ಮೆ ಹೋಗಿ ಮತ್ತೆ ಬರೋಕೆ ಎರಡು ತಿಂಗಳು ಅಂತರ ಇರಬೇಕು ಅಂತ ಮಾಡಿದರು. ಶ್ರೀಲಂಕಾಗೋ ನೇಪಾಳಕ್ಕೋ ಹೋಗಿ ವಾಪಸ್ ಬರುವ ಪ್ಲ್ಯಾನ್ ಇದ್ದ ಪ್ರವಾಸಿಗಳೆಲ್ಲ ಒದ್ದಾಡಿದರು. 2012ರಲ್ಲಿ ಅದನ್ನು ಸಡಿಲಿಸಿದರು. ನಿಯಮಗಳ ವಿಷಯದಲ್ಲಿ ಇದು ಅಪರೂಪ. ಬಂದದ್ದು ಹೋಗೋದು ಕಡಿಮೆ.

ಆಫೀಸುಗಳ ಕತೆಯೂ ಅಲ್ಲೇ ಶುರು. ವಿಮಾನ ನಿಲ್ದಾಣ, ಸರ್ಕಾರಿ ಕಾರ್ಖಾನೆ ಕಾಯುತ್ತಿದ್ದ ಸಿಐಎಸ್‌ಎಫ್ ಪಡೆಯನ್ನು ಖಾಸಗಿ ಕಂಪನಿಗಳೂ ಹಣ ಕೊಟ್ಟು ಪಡೆಯಬಹುದು ಅಂತ 2009ರಲ್ಲಿ ಕಾಯ್ದೆ ತಿದ್ದಿದರು. ಅದೇ ವರ್ಷ ಬೆಂಗಳೂರಿನ ಇನ್ಫೋಸಿಸ್ ಕ್ಯಾಂಪಸ್ಸಿಗೆ ಬಂದೂಕು ಹಿಡಿದ ಸಿಐಎಸ್‌ಎಫ್ ಯೋಧರು ಬಂದರು. ಅಷ್ಟು ಹಣ ಕೊಡಲಾಗದ ಕಂಪನಿಗಳು ಏಜೆನ್ಸಿ ಸೆಕ್ಯೂರಿಟಿ, ಒಂದು ಚೌಕಟ್ಟು, ಉದ್ದ ಕೋಲಿಗೆ ಕಟ್ಟಿದ ಕನ್ನಡಿ ತಂದಿಟ್ಟವು. ನಮ್ಮ ಗೇಟಿನ 'ಕೀಂ' ಆ ವಂಶದ್ದು.

ಇದರಿಂದ ಏನೂ ಉಪಯೋಗ ಇಲ್ಲ ಅಂತ ನಾನು ಹೇಳಲ್ಲ. ಗೇಟು ಇದೆ ಅಂತ ಗೊತ್ತಿದ್ರೆ ಕೆಲವರು ಹಿಂಜರಿಯಬಹುದು. ಆದರೆ ರತನ್ ಟಾಟಾ ಆಗ ಹೇಳಿದ್ದನ್ನು ನೆನೆಸಿಕೊಳ್ಳಿ. ತಾಜ್‌ಗೆ ಮೊದಲೇ ಎಚ್ಚರಿಕೆ ಬಂದಿತ್ತು, ಭದ್ರತೆ ಹೆಚ್ಚಿಸಿದ್ದೆವು, ಆದರೆ ನಾವು ಕಾವಲಿಟ್ಟ ಬಾಗಿಲಿನಿಂದ ಅವರು ಬರಲಿಲ್ಲ ಅನ್ನೋ ಅರ್ಥದ ಮಾತದು.

ಇಷ್ಟರ ನಡುವೆ ಬದುಕು ಎಷ್ಟು ಬೇಗ ಎದ್ದು ನಿಂತಿತು ಅನ್ನೋದೂ ನಿಜ. ಸಿಎಸ್‌ಟಿಯಿಂದ ಮರುದಿನ ಬೆಳಗ್ಗೆಯೇ ರೈಲು ಹೊರಟವು. ಲಿಯೋಪೋಲ್ಡ್ ಕೆಫೆ ನಾಲ್ಕೇ ದಿನಕ್ಕೆ ಬಾಗಿಲು ತೆರೀತು, ಗೋಡೆಯ ಗುಂಡಿನ ಗುರುತು ಹಾಗೇ ಬಿಟ್ಟುಕೊಂಡು. ಊರಿಗೆ ಹೊರಟು ಹೋಗಿದ್ದ ಇಂಗ್ಲೆಂಡ್ ತಂಡ ವಾಪಸ್ ಬಂತು. ಡಿಸೆಂಬರ್ 15ರಂದು ಚೆನ್ನೈಯಲ್ಲಿ 387 ರನ್ ಬೆನ್ನಟ್ಟಿ ಗೆದ್ದಾಗ ಸಚಿನ್ ಔಟಾಗದೆ 103. ಆ ಶತಕವನ್ನು ಅವರು ಮುಂಬೈಗೆ ಅರ್ಪಿಸಿದರು. ನಮ್ಮ ಟಿವಿ ರೂಮಿನಲ್ಲಿ ಮೂರು ವಾರದ ಮೇಲೆ ಮೊದಲ ಸಲ ಸಿಳ್ಳೆ ಕೇಳಿದ್ದು ಅವತ್ತು.

ಮೊದಲು ನೋಡಿದವರು ಯಾರು?

ಹತ್ತು ಜನ ದಡಕ್ಕಿಳಿದಾಗ ಅವರನ್ನು ಮೊದಲು ನೋಡಿದ್ದು ಯಾವ ಕ್ಯಾಮೆರಾನೂ ಅಲ್ಲ, ಯಾವ ರೇಡಾರೂ ಅಲ್ಲ. ಆ ಕೇರಿಯ ಮೀನುಗಾರರು. ಯಾರು ನೀವು ಅಂತ ಕೇಳಿದವರೂ ಅವರೇ. ನಮ್ಮ ದಡಕ್ಕೆ ಹೊಸಬರು ಬಂದಿದ್ದಾರೆ ಅನ್ನೋದು ದಡದಲ್ಲಿ ಬದುಕುವವರಿಗೆ ಒಂದು ನೋಟಕ್ಕೆ ಗೊತ್ತಾಗುತ್ತೆ.

ಆಮೇಲೆ ಸಮುದ್ರದ ಕಾವಲು ಇಡೀ ಬದಲಾಯ್ತು. 2009ರ ಆರಂಭದಲ್ಲಿ ಕಡಲಿನ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ಕೊಟ್ಟರು. ದಡದುದ್ದಕ್ಕೂ ರೇಡಾರ್ ಸರಣಿ ಬಂತು. ಕರಾವಳಿ ಪೊಲೀಸ್ ಠಾಣೆಗಳು ಹೆಚ್ಚಿದವು. ನಮ್ಮ ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. 'ಸಾಗರ ಕವಚ' ಅಂತ ಅಣಕು ಕಾರ್ಯಾಚರಣೆ ನಡೀತಾ ಇರುತ್ತೆ. ಪೊಲೀಸರೇ ಉಗ್ರರ ವೇಷದಲ್ಲಿ ಬೋಟಿನಲ್ಲಿ ಬಂದು ದಡ ಮುಟ್ಟೋಕೆ ನೋಡೋದು, ಉಳಿದವರು ಹಿಡಿಯೋದು.

ಮೀನುಗಾರನ ಜೀವನದಲ್ಲಿ ಬಂದ ಬದಲಾವಣೆ ನಮ್ಮ ಗೇಟಿನ ಕೀಂಗಿಂತ ಎಷ್ಟೋ ಪಾಲು ದೊಡ್ಡದು. ಬಯೊಮೆಟ್ರಿಕ್ ಗುರುತಿನ ಚೀಟಿ. ಬೋಟಿಗೆ ನೋಂದಣಿ, ಯಾವ ರಾಜ್ಯದ್ದು ಅಂತ ದೂರದಿಂದಲೇ ಗೊತ್ತಾಗೋಕೆ ನಿಗದಿ ಮಾಡಿದ ಬಣ್ಣ. 20 ಮೀಟರ್‌ಗಿಂತ ಉದ್ದದ ಬೋಟಿಗೆ ತಾನೆಲ್ಲಿದ್ದೇನೆ ಅಂತ ತಿಳಿಸುವ ಸಾಧನ. ಹೊರಡುವಾಗ ಲೆಕ್ಕ, ಬಂದಾಗ ಲೆಕ್ಕ.

ಎರಡು ವರ್ಷದ ಹಿಂದೆ ಗೆಳತಿಯ ಮನೆಗೆ ಅಂತ ಕರಾವಳಿಗೆ ಹೋದಾಗ ಒಂದು ಬಂದರಿನಲ್ಲಿ ತಾಂಡೇಲರೊಬ್ಬರು ಬಲೆ ಹತ್ತಿರ ಕೂತು ಮಾತಿಗೆ ಸಿಕ್ಕಿದರು. ಬೋಟು ನಡೆಸೋ ಯಜಮಾನರು, ಮೂವತ್ತು ವರ್ಷದ ಅನುಭವ. ಅನುಮಾನದ ಬೋಟು ಕಂಡ್ರೆ ಹೇಳ್ತೀರಾ ಅಂತ ಕೇಳಿದೆ.

"ಹೇಳದೆ ಮತ್ತೆಂಥ ಮಾಡುದು ಮಾರಾಯ್ರೆ? ಸಮುದ್ರ ನಮ್ದೇ ಅಲ್ವಾ. ಆದ್ರೆ ಒಂದು ಹೇಳ್ತೇನೆ. ಹೇಳಿದವ ಒಂದು ದಿನ ಕೂತು ಎಲ್ಲ ವಿವರ ಕೊಡ್ಬೇಕು. ಆ ದಿನದ ಡೀಸೆಲ್, ಐಸ್, ಆಳುಗಳ ಸಂಬಳ ಯಾರು ಕೊಡುದು?"

ನನ್ನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಅವರು ಮಾತು ತಿರುಗಿಸಿದ್ದು ಸುವರ್ಣ ತ್ರಿಭುಜದ ಕಡೆಗೆ. ಕರಾವಳಿಯವರಿಗೆ ಹೆಸರು ಹೇಳಿದರೆ ಸಾಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರ ಜೊತೆ ಆಳಸಮುದ್ರಕ್ಕೆ ಹೊರಟ ಬೋಟು ಅದು. ಎರಡು ದಿನದಲ್ಲಿ ಸಂಪರ್ಕ ಕಡಿದುಹೋಯ್ತು. ನೌಕಾಪಡೆ, ಕೋಸ್ಟ್ ಗಾರ್ಡ್ ಎಲ್ಲ ಹುಡುಕಿದರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದರು. ಮೇ ತಿಂಗಳ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಸಮುದ್ರದ ತಳದಲ್ಲಿ ಐಎನ್‌ಎಸ್ ನಿರೀಕ್ಷಕ್ ಹಡಗಿನವರಿಗೆ ಬೋಟಿನ ಅವಶೇಷ ಸಿಕ್ಕಿತು. ನಾಲ್ಕೂವರೆ ತಿಂಗಳು. ಆ ಏಳು ಜನ ಮನೆಗೆ ಬರಲೇ ಇಲ್ಲ.

"ಇಷ್ಟೆಲ್ಲ ರೇಡಾರ್ ಉಂಟು. ನಮ್ಮಿಂದ ದೇಶಕ್ಕೆ ತೊಂದ್ರೆ ಆಗ್ತದಾ ಅಂತ ನೋಡ್ಲಿಕ್ಕೆ ಉಂಟು. ನಮಗೇ ತೊಂದ್ರೆ ಆದ್ರೆ?" ಅಂದ್ರು ಆ ತಾಂಡೇಲರು. ಕೋಪ ಇರಲಿಲ್ಲ ದನಿಯಲ್ಲಿ. ಬಲೆ ಹೆಣೀತಾನೇ ಇದ್ರು.

ಆಮೇಲೆ ಇಸ್ರೋ ತಯಾರಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಬೋಟಿಗೆ ಅಳವಡಿಸೋ ಕೆಲಸ ದೇಶದ ಕರಾವಳಿಯಲ್ಲೆಲ್ಲ ಶುರುವಾಗಿದೆ. ಸಿಗ್ನಲ್ ಇಲ್ಲದ ಕಡೆಯಿಂದಲೂ ಅಪಾಯದ ಸಂದೇಶ ಕಳಿಸಬಹುದು. ಕಾವಲಿಗೂ ಆಯ್ತು, ಜೀವಕ್ಕೂ ಆಯ್ತು. ಇದು ಮೊದಲೇ ಹೊಳೆಯಬೇಕಿತ್ತು ಅನ್ನಿಸೋದು ನನ್ನ ಗೊಣಗಾಟ. ಅಂದಹಾಗೆ, ಬೀಚಿನಲ್ಲಿ ನಿಮಗೇ ಏನಾದ್ರೂ ಅನುಮಾನ ಬಂದರೆ ಕರಾವಳಿ ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡ್‌ದು 1554. ಸೇವ್ ಮಾಡಿಟ್ಕೊಳ್ಳಿ.

ಯಾರನ್ನು ನಿಲ್ಲಿಸ್ತೀವಿ

ಸಿಎಸ್‌ಟಿಯಲ್ಲಿ ತೆಗೆದ ಕಸಬ್‌ನ ಫೋಟೊ ಎಲ್ಲರೂ ನೋಡಿದ್ದೀರಿ. ಜೇಬುಗಳಿದ್ದ ಪ್ಯಾಂಟು, ಟಿ-ಶರ್ಟು, ಬೆನ್ನಿಗೆ ಬ್ಯಾಗು. ಕೈಯಲ್ಲಿ ಬಂದೂಕು ಇಲ್ಲದಿದ್ರೆ ನಮ್ಮ ಕಾಲೇಜಿನ ಯಾವುದೋ ಹುಡುಗ. ಅಂದ್ರೆ, ಇವತ್ತು ನಮ್ಮ ಗೇಟುಗಳಲ್ಲಿ ಸರಾಗವಾಗಿ ಒಳಗೆ ಹೋಗುವಂಥ ವೇಷ.

ಹಾಗಾದ್ರೆ ನಿಲ್ಲಿಸೋದು ಯಾರನ್ನ? 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತಿದ್ದ ರೈತರೊಬ್ಬರನ್ನು ಬಟ್ಟೆ ಕೊಳೆ ಅಂತ ತಡೆದರು. ಕೈಯಲ್ಲಿ ಟಿಕೆಟ್ ಇತ್ತು. ಗಂಟಿನಲ್ಲಿದ್ದದ್ದು ಬಟ್ಟೆ. ಪಕ್ಕದಲ್ಲಿದ್ದ ಪ್ರಯಾಣಿಕರು ಜಗಳ ಮಾಡಿ ಅವರನ್ನು ಒಳಗೆ ಕರ್ಕೊಂಡು ಹೋದರು, ವಿಡಿಯೊ ಹರಿದಾಡಿತು, ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆದರು. ತೆಗೆದಿದ್ದು ಸರಿಯೇ. ಆದರೆ ಗೇಟಿನಲ್ಲಿ ನಿಂತವನಿಗೆ ಅಪಾಯ ಅಂದ್ರೆ ಏನು ಅಂತ ಯಾರೂ ಕಲಿಸದೆ ಇದ್ರೆ, ಅವನು ಕೊಳೆ ಬಟ್ಟೆಯನ್ನೇ ಅಪಾಯ ಅಂದ್ಕೋತಾನೆ.

ನಮ್ಮ ಟೀಮಿನ ಹುಡುಗನೊಬ್ಬ ಹೋದ ವರ್ಷ ಬಾಡಿಗೆ ಮನೆ ಹುಡುಕ್ತಿದ್ದ. ಫೋನಿನಲ್ಲಿ ಎಲ್ಲ ಓಕೆ. ಅಡ್ವಾನ್ಸ್ ಎಷ್ಟು, ಕಾರ್ ಪಾರ್ಕಿಂಗ್ ಇದೆಯಾ, ಎಲ್ಲ ಮಾತು ಮುಗಿದ ಮೇಲೆ ಹೆಸರು. ಹೆಸರು ಹೇಳಿದ ಮೇಲೆ "ಅಯ್ಯೋ, ಈಗಷ್ಟೇ ಬೇರೆಯವರು ಟೋಕನ್ ಕೊಟ್ರಲ್ಲ". ಹೀಗೆ ಐದು ಮನೆ. ಪೊಲೀಸ್ ವೆರಿಫಿಕೇಷನ್ ಮಾಡಿಸ್ಕೊಡ್ತೀನಿ ಅಂದ್ರೂ ಕೇಳಲಿಲ್ಲ. 26/11ರಲ್ಲಿ ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಸತ್ತ ಒಂಬತ್ತು ದಾಳಿಕೋರರ ಹೆಣಕ್ಕೆ ತಮ್ಮ ಖಬರಸ್ತಾನದಲ್ಲಿ ಜಾಗ ಕೊಡಲ್ಲ ಅಂದದ್ದು ಮುಂಬೈಯ ಮುಸ್ಲಿಂ ಟ್ರಸ್ಟೇ. ಇದನ್ನೆಲ್ಲ ಮನೆ ಓನರಿಗೆ ಹೇಳೋದು ಹೇಗೆ? ಅವನು ಕೊನೆಗೆ ಆಫೀಸಿನಿಂದ 14 ಕಿಲೋಮೀಟರ್ ದೂರ ಮನೆ ಹಿಡಿದ. ಸ್ಟ್ಯಾಂಡಪ್ ಮೀಟಿಂಗಿಗೆ ಲೇಟಾಗಿ ಬಂದಾಗ ನಾವೆಲ್ಲ ರೇಗಿಸ್ತಿದ್ವಿ. ಕಾರಣ ಅವನು ಹೇಳಿದ್ದು ಎಷ್ಟೋ ತಿಂಗಳ ಮೇಲೆ.

2024ರ ಮಾರ್ಚ್ 1, ಶುಕ್ರವಾರ. ನಮ್ಮ ಊಟದ ಹೊತ್ತು. ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಅಂತ ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಬಂತು. ಟೋಪಿ, ಮಾಸ್ಕ್ ಹಾಕಿದ್ದ ಒಬ್ಬ ಬಸ್ಸಿನಲ್ಲಿ ಬಂದು, ಎಲ್ಲರ ಹಾಗೆ ಟೋಕನ್ ತಗೊಂಡು, ರವೆ ಇಡ್ಲಿ ತಗೊಂಡು, ಬ್ಯಾಗು ಬಿಟ್ಟು ಹೋಗಿದ್ದ. ಪ್ರಾಣ ಯಾರದ್ದೂ ಹೋಗಲಿಲ್ಲ, ಹಲವರಿಗೆ ಗಾಯ. ತನಿಖೆ ಎನ್‌ಐಎ ಕೈಗೆ ಹೋಯ್ತು, ಸಿಸಿಟಿವಿ ದೃಶ್ಯ ಜೋಡಿಸ್ತಾ ಹೋಗಿ ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದಲ್ಲಿ ಇಬ್ಬರನ್ನು ಬಂಧಿಸಿದರು. 26/11ರ ನಂತರ ಕಟ್ಟಿದ ವ್ಯವಸ್ಥೆ ಅಲ್ಲಿ ಕೆಲಸ ಮಾಡಿದ್ದು ಹೀಗೆ, ಆದ ಮೇಲೆ, ಬೇಗ. ಕೆಫೆ ಒಂದು ವಾರದಲ್ಲಿ ಮತ್ತೆ ಶುರುವಾಯ್ತು. ಬಾಗಿಲಲ್ಲಿ ಹೊಸ ಲೋಹಶೋಧಕ.

ಆ ಸೋಮವಾರ ನಮ್ಮ ಆಫೀಸಿನ ಗೇಟಿನಲ್ಲೂ ಸಾಲು ಉದ್ದ ಇತ್ತು. ಬ್ಯಾಗಿನ ಪ್ರತಿ ಜಿಪ್ ತೆಗೆಸಿದರು. ಡಬ್ಬಿ ಮುಚ್ಚಳ ಕೂಡ. ಒಂದು ವಾರ ನಡೀತು. ಎರಡನೇ ವಾರ ದೊಡ್ಡ ಜಿಪ್ ಮಾತ್ರ. ಮೂರನೇ ವಾರಕ್ಕೆ ಮತ್ತೆ ಬರೀ ಕೀಂ.

ಯಾದಗಿರಿ ಅಣ್ಣನನ್ನು ಮೊನ್ನೆ ಮತ್ತೆ ಕೇಳಿದೆ. ನಿಜವಾಗಲೂ ಏನಾದ್ರೂ ಸಿಕ್ಕಿದ್ರೆ ಏನ್ ಮಾಡ್ತೀರಿ ಅಂತ. ಸೂಪರ್‌ವೈಸರ್‌ಗೆ ಫೋನ್ ಮಾಡ್ಬೇಕಂತ ಹೇಳ್ಯಾರ್ರಿ ಅಂದರು. ಫೋನ್ ಎತ್ತದಿದ್ರೆ? "ಎತ್ತೂತನ ಮಾಡ್ಬೇಕ್ರಿ." ಜನರನ್ನು ಯಾವ ಕಡೆ ಕಳಿಸಬೇಕು, ಬ್ಯಾಗಿನಿಂದ ಎಷ್ಟು ದೂರ ಇರಬೇಕು, ಯಾರೂ ಹೇಳಿಲ್ಲ. ಕೆಲಸಕ್ಕೆ ಸೇರಿದಾಗ ಯೂನಿಫಾರ್ಮ್ ಅಳತೆ ತಗೊಂಡ್ರು, ಶೂ ನಂಬರ್ ಕೇಳಿದ್ರು, ಅಷ್ಟೇ. 12 ಗಂಟೆ ಶಿಫ್ಟು, ಕೂರೋಕೆ ಕುರ್ಚಿ ಇಲ್ಲ. ನಿದ್ದೆ ಮಾಡ್ತಾರೆ ಅಂತ ತೆಗೆಸಿದ್ದಾರಂತೆ.

ಮೇಲೆ ಹೋಗಿ ಅಡ್ಮಿನ್‌ನವರಿಗೆ ಒಂದು ಮೇಲ್ ಹಾಕಿದೆ. ಎರಡು ವಿಷಯ: ಗೇಟಿನವರಿಗೆ ತರಬೇತಿ, ಮತ್ತೆ ಒಂದು ಕುರ್ಚಿ. ತರಬೇತಿಯ ಬಗ್ಗೆ "ವೆಂಡರ್ ಜೊತೆ ಮಾತಾಡ್ತೀವಿ" ಅಂತ ಉತ್ತರ ಬಂದಿದೆ. ಆರು ವಾರ ಆಯ್ತು. ಕುರ್ಚಿ ಬಂದಿದೆ, ಪ್ಲಾಸ್ಟಿಕ್‌ದು, ಕೆಂಪು ಬಣ್ಣ. ಇವತ್ತು ಬೆಳಗ್ಗೆ ನಾನು ಒಳಗೆ ಹೋಗುವಾಗ ಅದರ ಮೇಲೆ ಯಾರದ್ದೋ ಹೆಲ್ಮೆಟ್ ಇತ್ತು. ಅಣ್ಣ ಪಕ್ಕದಲ್ಲಿ ನಿಂತಿದ್ದರು. "ಕೂಡ್ರಿ ಅಣ್ಣಾ" ಅಂದೆ. "ಸಾಹೇಬ್ರು ಬರೂ ಟೈಮ್ರಿ" ಅಂದರು. ನನಗೆ ಕೀಂ ಅಂತು, ಹೋದೆ.